ಆರು ಕೋಟಿ ಜನರ ಪರವಾಗಿ ಒಬ್ಬ ಎಪಿಪಿ

ಸೇಡಂ ತಾಲೂಕಿನ ಯಾವುದೋ ಹಳ್ಳಿಯಲ್ಲಿ ರಾತ್ರೋರಾತ್ರಿ ಎರಡು ಆಡು ಕಳುವಾದವು ಅಂದುಕೊಳ್ಳಿ. ಕದ್ದವನು ಮುಂದಿನ ಸಂತೆಯಲ್ಲಿ ಸಿಕ್ಕಿಬಿದ್ದ. ಠಾಣೆಯಲ್ಲಿ ಎಫ್‌ಐಆರ್ ಆಯಿತು, ಪಂಚನಾಮೆ ಆಯಿತು, ದೋಷಾರೋಪ ಪಟ್ಟಿ ಕೋರ್ಟಿಗೆ ಬಂತು. ಅಲ್ಲಿಗೆ ಆಡಿನ ಯಜಮಾನ ಪಕ್ಕಕ್ಕೆ ಸರಿದಂತೆಯೇ. ಅವನೀಗ ಬರೀ ಒಂದನೇ ಸಾಕ್ಷಿ. ಫೈಲಿನ ಮೇಲೆ ಇರುವುದು 'ಕರ್ನಾಟಕ ರಾಜ್ಯ ವಿರುದ್ಧ' ಇಂಥವನು ಎಂದು. 2011ರ ಜನಗಣತಿ ಹಿಡಿದರೆ ಆ ರಾಜ್ಯವೆಂದರೆ 6,10,95,297 ಜನ. ಅಷ್ಟೂ ಜನ ಒಂದು ಕಡೆ, ಆಡು ಕದ್ದ ಒಬ್ಬ ಒಂದು ಕಡೆ. ಲೆಕ್ಕ ಮಾಡಿದರೆ ಪಾಪ ಅವನ ಮೇಲೇ ಕನಿಕರ ಬರಬೇಕು.

ಆದರೆ ಈ ಆರು ಕೋಟಿಗೂ ಸೇರಿ ಕೋರ್ಟಿನಲ್ಲಿ ಬಾಯಿ ಒಂದೇ. ಅದು ಸಹಾಯಕ ಸರ್ಕಾರಿ ಅಭಿಯೋಜಕರದು. ಈ ಪೂರ್ತಿ ಹೆಸರನ್ನು ಕೋರ್ಟಿನ ಅಂಗಳದಲ್ಲಿ ಯಾರೂ ಹೇಳುವುದಿಲ್ಲ. ವಕೀಲರಿಗೆ ಅವರು 'ಎಪಿಪಿ ಸಾಹೇಬರು', ಹಳ್ಳಿಯವರಿಗೆ 'ಸರ್ಕಾರಿ ವಕೀಲರು'. ಆರು ಕೋಟಿ ಜನರ ಪರವಾಗಿ ಮಾತಾಡುವ ಇವರನ್ನು ಆರಿಸಿದವರು ಯಾರು? ಮತ ಹಾಕಿ ಯಾರೂ ಆರಿಸಿಲ್ಲ. ನಮ್ಮಲ್ಲಿ ಗ್ರಾಮ ಪಂಚಾಯಿತಿ ಸದಸ್ಯನಿಂದ ಸಹಕಾರ ಸಂಘದ ನಿರ್ದೇಶಕನವರೆಗೆ, ಅಷ್ಟೇ ಏಕೆ, ವಕೀಲರ ಸಂಘದ ಅಧ್ಯಕ್ಷರವರೆಗೆ ಎಲ್ಲರಿಗೂ ಚುನಾವಣೆ ಇದೆ. ಒಬ್ಬ ಮನುಷ್ಯನನ್ನು ಜೈಲಿಗೆ ಕಳಿಸಿ ಎಂದು ನಮ್ಮೆಲ್ಲರ ಹೆಸರಿನಲ್ಲಿ ಕೇಳುವವರಿಗೆ ಮಾತ್ರ ಇಲ್ಲ.

ಅದಕ್ಕೂ ಚುನಾವಣೆ ನಡೆಸುವ ದೊಡ್ಡ ದೇಶ ಅಮೆರಿಕ. ಅಲ್ಲಿ ಮಿಸಿಸಿಪಿ ರಾಜ್ಯ 1832ರಲ್ಲೇ ಸರ್ಕಾರಿ ವಕೀಲನನ್ನು ಮತ ಹಾಕಿ ಆರಿಸುವ ಪದ್ಧತಿ ತಂದಿತು. ಈಗ 50 ರಾಜ್ಯಗಳಲ್ಲಿ 45ಕ್ಕೂ ಹೆಚ್ಚು ರಾಜ್ಯಗಳದ್ದು ಅದೇ ದಾರಿ. ಅಲ್ಲಿನ ನ್ಯಾಯ ಇಲಾಖೆ 2007ರಲ್ಲಿ ಎಣಿಸಿದಾಗ ಇಂಥ ಕಚೇರಿಗಳು 2,330 ಇದ್ದವು. ಅವುಗಳಲ್ಲಿ ಹತ್ತಿರಹತ್ತಿರ ಮುಕ್ಕಾಲು ಪಾಲು ಕಚೇರಿಗಳ ವ್ಯಾಪ್ತಿಯಲ್ಲಿ ಒಂದು ಲಕ್ಷ ಜನರೂ ಇಲ್ಲ. ಅಂದರೆ ಎರಡು ಲಕ್ಷ ದಾಟಿದ ನಮ್ಮ ಸೇಡಂ ತಾಲೂಕಿಗೆ ಅಲ್ಲಿನ ಅಳತೆಯಲ್ಲಿ ಇಬ್ಬರು ಚುನಾಯಿತ ಅಭಿಯೋಜಕರು ಸಲ್ಲುತ್ತಿದ್ದರು.

ಅಳತೆ ಅಂದೆನಲ್ಲ, ಅದರ ಎರಡು ತುದಿ ನೋಡಿ. ಟೆಕ್ಸಾಸಿನಲ್ಲಿ ಲವಿಂಗ್ ಎಂಬ ಕೌಂಟಿ ಇದೆ. ಕೌಂಟಿಯೆಂದರೆ ನಮ್ಮ ತಾಲೂಕು-ಜಿಲ್ಲೆಯ ನಡುವಿನ ಒಂದು ಘಟಕ ಅಂತಿಟ್ಟುಕೊಳ್ಳಿ. ವಿಸ್ತೀರ್ಣ 1,700 ಚದರ ಕಿಲೋಮೀಟರ್ ದಾಟುತ್ತದೆ. 2020ರ ಜನಗಣತಿಯಲ್ಲಿ ಅಲ್ಲಿ ಸಿಕ್ಕ ಜನ 64. ಅರವತ್ತನಾಲ್ಕು ಸಾವಿರವಲ್ಲ, ಅರವತ್ತನಾಲ್ಕೇ. ನಮ್ಮ ಕಡೆ ಒಂದು ಓಣಿಯಲ್ಲಿ ಅದಕ್ಕಿಂತ ಹೆಚ್ಚು ಜನ ಇರುತ್ತಾರೆ. ಆ ಕೌಂಟಿಗೂ ಒಬ್ಬ ಚುನಾಯಿತ ಅಟಾರ್ನಿ, ಅಂದರೆ ಸರ್ಕಾರಿ ವಕೀಲ! ಇನ್ನೊಂದು ತುದಿಯಲ್ಲಿ ಲಾಸ್ ಏಂಜಲೀಸ್ ಕೌಂಟಿ. ಅದೇ ಜನಗಣತಿಯಲ್ಲಿ ಅದರ ಜನಸಂಖ್ಯೆ 1,00,14,009. ಅಲ್ಲಿಯೂ ಮತ ಹಾಕಿ ಆರಿಸುವುದು ಒಬ್ಬ ಜಿಲ್ಲಾ ಅಟಾರ್ನಿಯನ್ನೇ. ಅವರ ಕೈಕೆಳಗೆ ದುಡಿಯುವ ವಕೀಲರು ಸುಮಾರು ಸಾವಿರ ಮಂದಿ. ಈ ಎರಡು ಕೌಂಟಿಗಳ ಜನಸಂಖ್ಯೆಯ ನಡುವೆ ಒಂದೂವರೆ ಲಕ್ಷ ಪಟ್ಟು ಅಂತರ. ನಮ್ಮಲ್ಲಿ ದೊಡ್ಡ ಲೋಕಸಭಾ ಕ್ಷೇತ್ರಕ್ಕೂ ಚಿಕ್ಕದಕ್ಕೂ ಇರುವ ಅಂತರ ಇದರ ಮುಂದೆ ಏನೇನೂ ಅಲ್ಲ.

ಚುನಾಯಿತ ಅಭಿಯೋಜಕ ಊರಿನ ಮನುಷ್ಯ. ಮೆರವಣಿಗೆಯಲ್ಲಿ ಮುಂದೆ ನಡೆಯುತ್ತಾನೆ, ಶಾಲೆಯ ಪಂದ್ಯದಲ್ಲಿ ಕೈ ಕುಲುಕುತ್ತಾನೆ, ಚರ್ಚಿನ ಊಟಕ್ಕೆ ಹೋಗುತ್ತಾನೆ, ಅಂಗಳದಂಗಳದಲ್ಲಿ ಹೆಸರಿನ ಫಲಕ ನೆಡುತ್ತಾನೆ. ಸಾಮಾನ್ಯವಾಗಿ ನಾಲ್ಕು ವರ್ಷಕ್ಕೊಮ್ಮೆ ಪರೀಕ್ಷೆ. ಕೆಲವರು ಅದನ್ನು ಎಷ್ಟು ಸಲ ಪಾಸಾದರೆಂದರೆ, ಡಲ್ಲಾಸಿನ ಹೆನ್ರಿ ವೇಡ್ 1951ರಿಂದ 36 ವರ್ಷ ಆ ಕುರ್ಚಿಯಲ್ಲಿದ್ದರು. ಗರ್ಭಪಾತದ ಹಕ್ಕಿನ ಪ್ರಸಿದ್ಧ ಮೊಕದ್ದಮೆ 'ರೋ ವರ್ಸಸ್ ವೇಡ್'ನಲ್ಲಿ ಬರುವ ವೇಡ್ ಇವರೇ. ನ್ಯೂಯಾರ್ಕಿನ ಮ್ಯಾನ್‌ಹಟನ್‌ನಲ್ಲಿ ರಾಬರ್ಟ್ ಮೋರ್ಗೆಂತಾವ್ 1975ರಿಂದ 2009ರ ಕೊನೆಯವರೆಗೆ, 35 ವರ್ಷ. ಕುರ್ಚಿ ಏಣಿಯೂ ಹೌದು. ಕ್ಯಾಲಿಫೋರ್ನಿಯಾದ ಒಂದು ಕೌಂಟಿಯ ಅಟಾರ್ನಿಯಾಗಿದ್ದ ಅರ್ಲ್ ವಾರನ್ ಮುಂದೆ ಆ ರಾಜ್ಯದ ಗವರ್ನರ್ ಆದರು, ಕೊನೆಗೆ ಅಮೆರಿಕದ ಮುಖ್ಯ ನ್ಯಾಯಾಧೀಶರಾದರು. ಕಮಲಾ ಹ್ಯಾರಿಸ್ 2004ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಜಿಲ್ಲಾ ಅಟಾರ್ನಿಯಾಗಿ ಶುರು ಮಾಡಿ 2021ಕ್ಕೆ ಉಪಾಧ್ಯಕ್ಷೆ.

ಇಷ್ಟು ಕೇಳಿ, ಆಹಾ ಎಂಥ ಪ್ರಜಾಪ್ರಭುತ್ವ ಅನ್ನುವ ಮೊದಲು ಇನ್ನೆರಡು ಅಂಕಿ. ರೊನಾಲ್ಡ್ ರೈಟ್ ಎಂಬ ಕಾನೂನು ಪ್ರಾಧ್ಯಾಪಕರು ಈ ಚುನಾವಣೆಗಳ ಫಲಿತಾಂಶ ಗುಡ್ಡೆಹಾಕಿ 2009ರಲ್ಲಿ ಒಂದು ಲೇಖನ ಬರೆದರು. ಕುರ್ಚಿಯಲ್ಲಿರುವ ಅಭಿಯೋಜಕ ಮತ್ತೆ ನಿಂತರೆ ನೂರಕ್ಕೆ 95 ಸಲ ಗೆಲ್ಲುತ್ತಾನೆ. ಅದಕ್ಕಿಂತ ತಮಾಷೆಯೆಂದರೆ ನೂರಕ್ಕೆ 85 ಸಲ ಅವನ ಎದುರು ಯಾರೂ ನಿಲ್ಲುವುದೇ ಇಲ್ಲ. ಅಂದರೆ ಮತಪತ್ರ ಇದೆ, ಮತಗಟ್ಟೆ ಇದೆ, ಎದುರಾಳಿ ಇಲ್ಲ. ನಮ್ಮ ಗ್ರಾಮ ಪಂಚಾಯಿತಿಯಲ್ಲಿ ಒಂದು ಸೀಟು ಅವಿರೋಧವಾದರೆ ಮರುದಿನ ಪೇಪರಿನಲ್ಲಿ ಸುದ್ದಿ. ಅಲ್ಲಿ ಅದೇ ರೂಢಿ.

ಎದುರಾಳಿ ಇರುವ ಚುನಾವಣೆ ನೋಡಬೇಕೆಂದರೆ ನಮ್ಮ ಕಡೆ ಬರಬೇಕು. ನಮ್ಮಲ್ಲಿ ವಕೀಲರು ಚುನಾವಣೆಗೆ ನಿಲ್ಲುವುದುಂಟು, ಆದರೆ ಕರಿಕೋಟು ಕಳಚಿಟ್ಟ ಮೇಲೆ. ಫರ್ಸಿ ಕಲ್ಲಿನ ಈ ಪಟ್ಟಿಯಲ್ಲಿ, ಅಂದರೆ ಶಹಾಬಾದ, ವಾಡಿ, ಚಿತ್ತಾಪುರ, ಸೇಡಂ, ಚಿಂಚೋಳಿಯಲ್ಲಿ, ಹಾಗೆ ಹೊರಟವರ ಅಂಕಿಗಳು ಯಾವ ಅಮೆರಿಕದ ಅಟಾರ್ನಿಗೂ ಕಡಿಮೆಯಲ್ಲ.

ಚಿಂಚೋಳಿಯ ವೀರೇಂದ್ರ ಪಾಟೀಲರನ್ನೇ ತೆಗೆದುಕೊಳ್ಳಿ. ಹುಟ್ಟಿದ್ದು 1924. ನಿಜಾಮರ ಸೀಮೆಯಲ್ಲಿ ಕಾನೂನು ಓದುವುದೆಂದರೆ ಹೈದರಾಬಾದಿನ ಉಸ್ಮಾನಿಯಾಕ್ಕೆ ಹೋಗುವುದು; ಹೋದರು, ಓದಿದರು. 1957ರಲ್ಲಿ ಚಿಂಚೋಳಿಯಿಂದ ಶಾಸಕ. 1968ರ ಮೇ 29ರಂದು ಮುಖ್ಯಮಂತ್ರಿ, ಆಗ ವಯಸ್ಸು 44. 1978ರಲ್ಲಿ ಚಿಕ್ಕಮಗಳೂರಿನ ಉಪಚುನಾವಣೆಯಲ್ಲಿ ಇಡೀ ದೇಶದ ಕಣ್ಣೆದುರು ಇಂದಿರಾ ಗಾಂಧಿಯವರ ವಿರುದ್ಧ ನಿಂತು 77 ಸಾವಿರ ದಾಟಿದ ಅಂತರದಲ್ಲಿ ಸೋತರು. 1980ರಲ್ಲಿ ಅದೇ ಇಂದಿರಾ ಸಂಪುಟದಲ್ಲಿ ಪೆಟ್ರೋಲಿಯಂ ಸಚಿವ! 1989ರಲ್ಲಿ ಅವರ ಮುಂದಾಳತ್ವದಲ್ಲಿ ಕಾಂಗ್ರೆಸ್ 224ರಲ್ಲಿ 178 ಸೀಟು ಗೆದ್ದಿತು. ಆ ಸಂಖ್ಯೆಯನ್ನು ಕರ್ನಾಟಕದಲ್ಲಿ ಆಮೇಲೆ ಯಾವ ಪಕ್ಷವೂ ಮುಟ್ಟಿಲ್ಲ. ಅಷ್ಟು ಬಲವಿದ್ದೂ ಎರಡನೇ ಸಲದ ಮುಖ್ಯಮಂತ್ರಿಗಿರಿ ಒಂದು ವರ್ಷ ತುಂಬಲಿಲ್ಲ: 1989ರ ನವೆಂಬರ್ 30ರಿಂದ 1990ರ ಅಕ್ಟೋಬರ್ 10. ಸಂಖ್ಯೆಗಳನ್ನು ನಂಬಿ ರಾಜಕೀಯ ಓದುವವರು ಇಲ್ಲಿ ಒಂದು ಗುಟುಕು ನೀರು ಕುಡಿದು ಮುಂದೆ ಹೋಗಬೇಕು.

ಇನ್ನು ಮಲ್ಲಿಕಾರ್ಜುನ ಖರ್ಗೆ. ಹುಟ್ಟೂರು ಬೀದರ ಜಿಲ್ಲೆಯ ವರವಟ್ಟಿ, ಓದಿ ಬೆಳೆದದ್ದು ಕಲಬುರಗಿ. ಸೇಠ್ ಶಂಕರಲಾಲ್ ಲಾಹೋಟಿ ಕಾನೂನು ಕಾಲೇಜಿನಲ್ಲಿ ಪದವಿ. ಮುಂದೆ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಶಿವರಾಜ ಪಾಟೀಲರ ಕಚೇರಿಯಲ್ಲಿ ಜೂನಿಯರ್. 1969ರಲ್ಲಿ ಎಂಎಸ್‌ಕೆ ಮಿಲ್ಲಿನ ನೌಕರರ ಸಂಘಕ್ಕೆ ಕಾನೂನು ಸಲಹೆಗಾರ. ಗಮನಿಸಿ, ಅವರು ನಿಂತದ್ದು ಸರ್ಕಾರದ ಪರ ಅಲ್ಲ, ಕೂಲಿಯವರ ಪರ. ನಮ್ಮಲ್ಲಿ ವಕೀಲಿಯಿಂದ ಜನಪ್ರತಿನಿಧಿಯಾಗುವ ದಾರಿ ಹಾದುಹೋಗುವುದೇ ಹೀಗೆ. ಶಿಕ್ಷೆ ಕೊಡಿಸಿದ್ದಕ್ಕೆ ಇಲ್ಲಿ ಯಾರೂ ಮತ ಹಾಕುವುದಿಲ್ಲ, ಬಿಡಿಸಿದ್ದಕ್ಕೆ ಹಾಕುತ್ತಾರೆ. ಅಮೆರಿಕದ ಅಟಾರ್ನಿ ಎಷ್ಟು ಮಂದಿಯನ್ನು ಒಳಗೆ ಹಾಕಿದೆನೆಂದು ಭಾಷಣ ಮಾಡುತ್ತಾನೆ. ನಮ್ಮ ವಕೀಲ ಎಷ್ಟು ಮಂದಿಗೆ ಜಾಮೀನು ಕೊಡಿಸಿದ, ಎಷ್ಟು ಮಂದಿಗೆ ಬಾಕಿ ಪಗಾರ ಕೊಡಿಸಿದ ಎಂಬುದನ್ನು ಜನರೇ ಹೇಳಿಕೊಂಡು ತಿರುಗುತ್ತಾರೆ.

ಖರ್ಗೆಯವರ ಗೆಲುವುಗಳನ್ನು ಎಣಿಸಿ: 1972, 1978, 1983, 1985, 1989, 1994, 1999, 2004, ಹೀಗೆ ಎಂಟು ಸಲ ಗುರುಮಠಕಲ್ ವಿಧಾನಸಭಾ ಕ್ಷೇತ್ರ. ಕ್ಷೇತ್ರ ಮರುವಿಂಗಡಣೆಯಲ್ಲಿ ಮೀಸಲಾತಿ ಬದಲಾದ ಮೇಲೆ 2008ರಲ್ಲಿ ಚಿತ್ತಾಪುರ. 2009 ಮತ್ತು 2014ರಲ್ಲಿ ಗುಲ್ಬರ್ಗಾ ಲೋಕಸಭೆ. ಸತತ ಹನ್ನೊಂದು ಗೆಲುವು, ಒಂದೂ ಸೋಲಿಲ್ಲ. ಹನ್ನೆರಡನೆಯ ಸಲ, 2019ರಲ್ಲಿ, ಉಮೇಶ ಜಾಧವರ ಎದುರು 95,452 ಮತಗಳಿಂದ ಸೋತರು. ಜಾಧವರು ಚಿಂಚೋಳಿಯಿಂದ ಶಾಸಕರಾಗಿದ್ದವರು, ವೃತ್ತಿಯಲ್ಲಿ ಶಸ್ತ್ರಚಿಕಿತ್ಸಕರು, ಅದಕ್ಕೂ ಮೊದಲು ಖರ್ಗೆಯವರ ಪಕ್ಷದವರೇ. ಇದು ಎಲ್ಲರಿಗೂ ಗೊತ್ತು. ಅಷ್ಟಾಗಿ ಯಾರೂ ಆಡದ ಅಂಕಿ ಇದು: 2014ರಲ್ಲಿ ಗೆದ್ದಾಗ ಖರ್ಗೆಯವರಿಗೆ ಬಿದ್ದ ಮತ 5,07,193. 2019ರಲ್ಲಿ ಸೋತಾಗ ಬಿದ್ದದ್ದು 5,24,740. ಸೋತ ವರ್ಷ ಗೆದ್ದ ವರ್ಷಕ್ಕಿಂತ 17,547 ಮತ ಹೆಚ್ಚು! ಅವರನ್ನು ಜನ ಕೈಬಿಟ್ಟರು ಎಂದು ಬರೆದವರು ಈ ಕಳೆಯುವ ಲೆಕ್ಕ ಮಾಡಿರಲಿಲ್ಲ. ಕೈಬಿಟ್ಟದ್ದಲ್ಲ, ಹೊಸದಾಗಿ ಬಂದ ಜನ ಬೇರೆ ಕಡೆ ಹೋದರು. ಮೂರು ವರ್ಷದ ಮೇಲೆ, 2022ರ ಅಕ್ಟೋಬರಿನಲ್ಲಿ, ಅದೇ ಮನುಷ್ಯ ಇನ್ನೊಂದು ಚುನಾವಣೆಗೆ ನಿಂತರು. ಈ ಸಲದ ಕ್ಷೇತ್ರ ಇಡೀ ದೇಶ, ಚಲಾವಣೆಯಾದ ಮತ ಮಾತ್ರ 9,385. ಅದರಲ್ಲಿ 7,897 ಅವರಿಗೆ, 1,072 ಶಶಿ ತರೂರರಿಗೆ, 416 ಅಸಿಂಧು. ಐದು ಲಕ್ಷ ಚಿಲ್ಲರೆ ಮತದಲ್ಲಿ ಸೋತವರು ಎಂಟು ಸಾವಿರಕ್ಕಿಂತ ಕಡಿಮೆ ಮತದಲ್ಲಿ ಕಾಂಗ್ರೆಸ್ ಅಧ್ಯಕ್ಷರಾದರು.

ಹಾಗೆಯೇ 2023ರ ವಿಧಾನಸಭೆ ಚುನಾವಣೆಯನ್ನೂ ನೋಡಿಬಿಡೋಣ, ಮುಂದೆ ಬೇಕಾಗುತ್ತದೆ. ಸೇಡಂನಲ್ಲಿ ಗೆಲುವಿನ ಅಂತರ ನಲವತ್ತು ಸಾವಿರ ದಾಟಿತು. ಪಕ್ಕದ ಚಿಂಚೋಳಿಯಲ್ಲಿ ಅವಿನಾಶ ಜಾಧವರು ಗೆದ್ದದ್ದು 858 ಮತಗಳಿಂದ. ಒಂದೇ ಸೀಮೆ, ಒಂದೇ ದಿನದ ಮತದಾನ.

ಈಗ ಮತ ಕೇಳದ ನಮ್ಮ ಎಪಿಪಿ ಸಾಹೇಬರ ಕಡೆ ಬರೋಣ. ಅವರದು ಇಲಾಖೆಯ ನೌಕರಿ. ಅಭಿಯೋಜನೆ ಮತ್ತು ಸರ್ಕಾರಿ ವ್ಯಾಜ್ಯಗಳ ಇಲಾಖೆ ಎಂದು ಅದರ ಹೆಸರು. ವಕೀಲಿ ಮಾಡಿ, ನೇಮಕಾತಿ ಪರೀಕ್ಷೆ ಬರೆದು, ಸಂದರ್ಶನ ಮುಗಿಸಿ, ಆದೇಶ ಹಿಡಿದು ಬರುತ್ತಾರೆ. ಸೆಷನ್ಸ್ ಕೋರ್ಟಿನ ಪಬ್ಲಿಕ್ ಪ್ರಾಸಿಕ್ಯೂಟರ್ ಆಗುವ ದಾರಿ ಬೇರೆ. ಅದಕ್ಕೆ ಕನಿಷ್ಠ ಏಳು ವರ್ಷ ವಕೀಲಿ ಮಾಡಿರಬೇಕು. ಜಿಲ್ಲಾ ಮ್ಯಾಜಿಸ್ಟ್ರೇಟರು ಸೆಷನ್ಸ್ ನ್ಯಾಯಾಧೀಶರ ಜೊತೆ ಸಮಾಲೋಚಿಸಿ ಹೆಸರುಗಳ ಪಟ್ಟಿ ಮಾಡುತ್ತಾರೆ, ಪಟ್ಟಿಯಲ್ಲಿಲ್ಲದವರನ್ನು ಸರ್ಕಾರ ನೇಮಿಸುವಂತಿಲ್ಲ. ಆದರೆ ಇಲಾಖೆಯಲ್ಲೇ ಅಭಿಯೋಜಕರ ಕೇಡರ್ ಇದ್ದರೆ ಅಲ್ಲಿಂದಲೇ ತೆಗೆದುಕೊಳ್ಳಬೇಕು. ಅಂದರೆ ಲಾಸ್ ಏಂಜಲೀಸಿನಲ್ಲಿ ಲಕ್ಷಲಕ್ಷ ಮತದಾರರು ಸೇರಿ ಮಾಡುವ ಕೆಲಸವನ್ನು 2011ರಲ್ಲಿ 25,66,326 ಜನರಿದ್ದ ಕಲಬುರಗಿ ಜಿಲ್ಲೆಯಲ್ಲಿ ಇಬ್ಬರು ಅಧಿಕಾರಿಗಳು ಒಂದು ಮೇಜಿನ ಮೇಲೆ ಮುಗಿಸಬಹುದು. ಪಟ್ಟಿಗೆ ಹೆಸರು ಸೇರುವಾಗ ಆಳುವ ಪಕ್ಷದ ಗಾಳಿ ಬೀಸುವುದಿಲ್ಲವೇ ಎಂದು ಕೇಳಿದರೆ ಯಾವ ಬಾರ್ ಅಸೋಸಿಯೇಷನ್ನಿನಲ್ಲೂ ಮೊದಲು ಒಂದು ನಗೆ, ಆಮೇಲೆ ಉತ್ತರ.

ಎಪಿಪಿಯ ಊರ ಬದುಕು ಚುನಾಯಿತ ಅಟಾರ್ನಿಯ ಬದುಕಿಗೆ ಪೂರಾ ತಿರುವುಮುರುವು. ಅವರು ಬಾಡಿಗೆ ಮನೆ ಹಿಡಿಯುತ್ತಾರೆ, ಮಕ್ಕಳನ್ನು ಶಾಲೆಗೆ ಹಾಕುತ್ತಾರೆ, ಜಾತ್ರೆಗೆ ಹೋದರೂ ಗುಂಪಿನಿಂದ ಒಂದು ಮಾರು ದೂರ. ಮದುವೆಗೆ ಕರೆದವರ ಮನೆಯಲ್ಲಿ ಯಾರಾದರೂ ಆರೋಪಿ ಇದ್ದಾನೆಯೇ ಎಂದು ಯೋಚಿಸಬೇಕು. ಪಾರ್ಟಿ, ಸಂಘ, ವೇದಿಕೆ ಎಲ್ಲಕ್ಕೂ ಸೇವಾ ನಿಯಮದ ಬೇಲಿ. ಊರು ಅರ್ಥವಾಗುವ ಹೊತ್ತಿಗೆ ವರ್ಗಾವಣೆ. ಡಲ್ಲಾಸಿನ ವೇಡ್ 36 ವರ್ಷದಲ್ಲಿ ಒಂದೇ ಊರಿನ ಎರಡು ತಲೆಮಾರಿನ ಕಳ್ಳರನ್ನು ಕಂಡಿರಬೇಕು. ನಮ್ಮ ಎಪಿಪಿ ದೋಷಾರೋಪದ ದಿನ ಇದ್ದರೆ ತೀರ್ಪಿನ ದಿನ ಅದೇ ಊರಿನಲ್ಲಿ ಇರುವ ಖಾತ್ರಿಯಿಲ್ಲ.

ಕೆಲಸದ ಭಾರ ಎಷ್ಟು? ಮೊದಲು ಪುಸ್ತಕದ ಭಾರ. 2024ರ ಜುಲೈ 1ರಿಂದ ದೇಶದಲ್ಲಿ ಮೂರು ಹೊಸ ಅಪರಾಧ ಕಾನೂನು ಬಂದವು. ಹಳೆಯ ದಂಡ ಸಂಹಿತೆಯಲ್ಲಿ 511 ಕಲಂ, ಹೊಸ ನ್ಯಾಯ ಸಂಹಿತೆಯಲ್ಲಿ 358. ಹಳೆಯ ಪ್ರಕ್ರಿಯಾ ಸಂಹಿತೆ 484, ಹೊಸ ನಾಗರಿಕ ಸುರಕ್ಷಾ ಸಂಹಿತೆ 531. ಹಳೆಯ ಸಾಕ್ಷ್ಯ ಅಧಿನಿಯಮ 167, ಹೊಸದು 170. ಹೊಸದು ಬಂತೆಂದು ಹಳೆಯದನ್ನು ರದ್ದಿಗೆ ಹಾಕುವಂತಿಲ್ಲ. ಜೂನ್ 30ರ ರಾತ್ರಿ ಕದ್ದ ಆಡಿಗೆ ಹಳೆಯ 379, ಜುಲೈ 1ರ ರಾತ್ರಿ ಕದ್ದ ಆಡಿಗೆ ಹೊಸ 303. ಹಳೆಯ ಪ್ರಕರಣಗಳೆಲ್ಲ ಮುಗಿಯುವವರೆಗೆ ಎಪಿಪಿಯ ತಲೆಯಲ್ಲಿ ಎರಡೂ ಸೆಟ್ ಇರಬೇಕು. ಕೂಡಿಸಿ: 2,221 ಕಲಂ. ಅಬಕಾರಿ, ಮೋಟಾರು ವಾಹನ, ಜೂಜು, ಚೆಕ್ ಬೌನ್ಸು ಬಿಟ್ಟು.

ಹೊಸ 303ರಲ್ಲಿ ಒಂದು ಸಣ್ಣ ದಯೆಯೂ ಇದೆ. ಕದ್ದ ವಸ್ತು ಐದು ಸಾವಿರ ರೂಪಾಯಿಗಿಂತ ಕಡಿಮೆಯದಾಗಿ, ಮೊದಲ ಸಲದ ಕಳ್ಳತನವಾಗಿ, ವಸ್ತು ಅಥವಾ ಅದರ ಬೆಲೆ ಹಿಂದಿರುಗಿಸಿದರೆ ಜೈಲಿಲ್ಲ, ಸಮುದಾಯ ಸೇವೆ. ಈಗಿನ ದರದಲ್ಲಿ ಎರಡು ಆಡಿನವನಿಗೆ ಈ ಬಾಗಿಲು ಮುಚ್ಚಿದ್ದೇ.

ಇನ್ನು ಪ್ರಕರಣಗಳ ಎಣಿಕೆ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ಪ್ರಕಾರ 2022ರಲ್ಲಿ ದೇಶದ ಠಾಣೆಗಳಲ್ಲಿ ದಾಖಲಾದ ಅಪರಾಧ 58,24,946. ನಿಮಿಷಕ್ಕೆ ಹನ್ನೊಂದು. ನೀವು ಈ ಲೇಖನ ಓದಿ ಮುಗಿಸುವ ಹೊತ್ತಿಗೆ ಒಂದೂವರೆ-ಎರಡು ನೂರು ಹೊಸ ಎಫ್‌ಐಆರ್. ಜಿಲ್ಲಾ ಮತ್ತು ತಾಲೂಕು ಕೋರ್ಟುಗಳಲ್ಲಿ ಬಾಕಿ ಇರುವ ಕ್ರಿಮಿನಲ್ ಪ್ರಕರಣಗಳೇ ಮೂರು ಕೋಟಿಗೂ ಹೆಚ್ಚು. ಒಂದೊಂದು ಫೈಲು ಒಂದು ಸೆಂಟಿಮೀಟರ್ ದಪ್ಪ ಎಂದು ಹಿಡಿದು ಬದಿಗೆ ಬದಿ ನಿಲ್ಲಿಸಿದರೆ 300 ಕಿಲೋಮೀಟರ್, ಅಂದರೆ ಕಲಬುರಗಿಯಿಂದ ಬೆಂಗಳೂರಿಗೆ ಅರ್ಧ ದಾರಿ. ಒಂದೊಂದಕ್ಕೆ ಹತ್ತೇ ನಿಮಿಷ ಕೊಟ್ಟು ಒಬ್ಬ ನ್ಯಾಯಾಧೀಶ ಹಗಲೂ ರಾತ್ರಿ, ಊಟ ನಿದ್ದೆ ಬಿಟ್ಟು ಕೂತರೆ 570 ವರ್ಷ. ಈ ಹೊತ್ತು ಮುಗಿಯಬೇಕಿದ್ದರೆ ಬಹಮನಿ ಸುಲ್ತಾನರ ಕಾಲದಲ್ಲಿ ಶುರುಮಾಡಿರಬೇಕಿತ್ತು, ಬೀದರಿನಲ್ಲಿ ಮಹಮೂದ್ ಗವಾನನ ಮದರಸಾ ಕಟ್ಟುವುದಕ್ಕೂ ಮುಂಚೆ.

ಹೆದರುವುದು ಬೇಡ, ಈ ಲೆಕ್ಕಕ್ಕೆ ಇನ್ನೊಂದು ಮಗ್ಗುಲಿದೆ. ದೇಶದ ಕೆಳ ಕೋರ್ಟುಗಳಲ್ಲಿ ಕೆಲಸದಲ್ಲಿರುವ ನ್ಯಾಯಾಧೀಶರು ಸುಮಾರು ಇಪ್ಪತ್ತು ಸಾವಿರ. ಅವರೆಲ್ಲರೂ ಸಿವಿಲ್ ಬದಿಗಿಟ್ಟು ಇದಕ್ಕೇ ಕೂತು ದಿನಕ್ಕೆ ಐದು ತಾಸು ಕೇಳಿದರೆ, ತಲಾ ಹತ್ತು ನಿಮಿಷದ ಲೆಕ್ಕದಲ್ಲಿ ಮೂರು ಕೋಟಿಯೂ ಮುಗಿಯುವುದು ಐವತ್ತು ದಿನದಲ್ಲಿ! ದೀಪಾವಳಿಗೆ ಕೂತರೆ ಸಂಕ್ರಾಂತಿ ಹೊತ್ತಿಗೆ ದೇಶದ ಕಪಾಟು ಖಾಲಿ. ಹಾಗೇಕೆ ಆಗುವುದಿಲ್ಲ ಅಂದರೆ ಯಾವ ಪ್ರಕರಣವೂ ಒಂದು ಹತ್ತು ನಿಮಿಷದ್ದಲ್ಲ. ಅದು ಎಷ್ಟೋ ತಾರೀಖುಗಳ ಎಷ್ಟೋ ಹತ್ತು ನಿಮಿಷ. ಆ ತಾರೀಖಿನ ಗುಣಾಕಾರ ನಡೆಯುವ ಜಾಗ ಸೇಡಂ, ಚಿತ್ತಾಪುರ, ಚಿಂಚೋಳಿಯಂಥ ತಾಲೂಕು ಕೋರ್ಟು.

ಬೆಳಿಗ್ಗೆ ಹನ್ನೊಂದರ ಹೊತ್ತು. ಜವಾನ ಬಾಗಿಲಲ್ಲಿ ನಿಂತು ಹೆಸರು ಕೂಗುತ್ತಾನೆ. ಒಬ್ಬ ಆರೋಪಿ ಗೈರು, ವಾರಂಟ್. ಮುಂದಿನದರಲ್ಲಿ ಆರೋಪಿ ಬಂದಿದ್ದಾನೆ, ಅವನ ವಕೀಲರು ಕಲಬುರಗಿಯಲ್ಲಿದ್ದಾರೆ. ಅದರ ಮುಂದಿನದರಲ್ಲಿ ಎಲ್ಲರೂ ಇದ್ದಾರೆ, ತನಿಖಾಧಿಕಾರಿಗೆ ಬಂದೋಬಸ್ತು ಡ್ಯೂಟಿ. ಕಡೆಗೊಂದು ಪ್ರಕರಣ ಕೂಡಿಬರುತ್ತದೆ. ಪಂಚ ಸಾಕ್ಷಿ ಕಟಕಟೆ ಹತ್ತುತ್ತಾನೆ. ಎಪಿಪಿ ಪಂಚನಾಮೆಯ ಸಹಿ ತೋರಿಸಿ ಕೇಳುತ್ತಾರೆ.

"ಇದು ನಿಮ್ಮ ಸಹಿ ಹೌದಲ್ಲ?"

"ಹೌದ್ರಿ, ನಂದೇ."

"ಆಡು ಜಪ್ತಿ ಮಾಡುವಾಗ ನೀವು ಅಲ್ಲಿದ್ರಿ?"

"ಇಲ್ರಿ ಸಾಹೇಬ್ರ. ಪೊಲೀಸ್ರು ಠಾಣಾಕ ಕರದ್ರು, ಸಹಿ ಮಾಡಂದ್ರು, ಮಾಡೀನಿ."

ಸಾಕ್ಷಿ ಉಲ್ಟಾ ಹೊಡೆದ. ಎಪಿಪಿ ಕೋರ್ಟಿನ ಅನುಮತಿ ಪಡೆದು ತಮ್ಮದೇ ಸಾಕ್ಷಿಗೆ ಪಾಟಿ ಸವಾಲು ಹಾಕಬೇಕು. 'ಆರೋಪಿಯ ಕಡೆಯವರ ಮಾತು ಕೇಳಿ ಸುಳ್ಳು ಹೇಳುತ್ತಿದ್ದೀರಿ' ಎಂದರೆ 'ಇಲ್ರಿ' ಎಂಬ ಉತ್ತರ ದಾಖಲಾಗುತ್ತದೆ. ಅದನ್ನು ಕೇಳುವವರಿಗೂ ಹೇಳುವವನಿಗೂ ಬಾಯಿಪಾಠ. ಸಾಕ್ಷಿಯನ್ನು ಪೂರ್ತಿ ಬೈಯುವಂತೆಯೂ ಇಲ್ಲ. ಅವನು ಬೆಳಗಿನ ಬಸ್ಸು ಹಿಡಿದು ಬಂದಿದ್ದಾನೆ. ಉದ್ಯೋಗ ಖಾತ್ರಿಯ 2024-25ರ ದರದಲ್ಲಿ ಒಂದು ದಿನದ ಕೂಲಿ 349 ರೂಪಾಯಿ ಹೋಯಿತು. ಇಂಥ ನಾಲ್ಕು ತಾರೀಖು ಆದರೆ 1,396. ಹಳ್ಳಿಗೆ ಮರಳಿದರೆ ಆರೋಪಿಯ ಮನೆ ಎದುರಿಗೇ ಇದೆ. ಹೊಸ ನಾಗರಿಕ ಸುರಕ್ಷಾ ಸಂಹಿತೆ ಎರಡಕ್ಕಿಂತ ಹೆಚ್ಚು ಸಲ ಮುಂದೂಡಬೇಡಿ ಎನ್ನುತ್ತದೆ. ಹೇಳುವುದು ಸರಿ. ಬಂದೋಬಸ್ತಿಗೆ ಹೋದ ಸಬ್ ಇನ್ಸ್‌ಪೆಕ್ಟರಿಗೆ ಅದನ್ನು ಓದಿ ಹೇಳುವವರು ಬೇಕು.

ಅಮೆರಿಕದ ಜೊತೆ ಹೋಲಿಸಲೇಬೇಕೆಂದರೆ ಇಲ್ಲಿ ಹೋಲಿಸಬೇಕು. 2007ರ ಅದೇ ಎಣಿಕೆಯಲ್ಲಿ ಅಲ್ಲಿನ ರಾಜ್ಯ ಅಭಿಯೋಜಕರು ಆ ವರ್ಷ ಮುಗಿಸಿದ ಗಂಭೀರ ಪ್ರಕರಣ 29 ಲಕ್ಷ, ಒಬ್ಬ ವಕೀಲನಿಗೆ ಸರಾಸರಿ 94. ಕಚೇರಿಗಳ ಒಟ್ಟು ಸಿಬ್ಬಂದಿ ಸುಮಾರು 78,000. ವಕೀಲರಷ್ಟೇ ಅಲ್ಲ, ತನಿಖೆಯವರು, ಸಂತ್ರಸ್ತರಿಗೆ ಸಹಾಯ ಮಾಡುವವರು, ಗುಮಾಸ್ತರು ಎಲ್ಲ ಸೇರಿ. ಅಲ್ಲಿ ಶಿಕ್ಷೆಯಾಗುವ ಗಂಭೀರ ಪ್ರಕರಣಗಳಲ್ಲಿ ನೂರಕ್ಕೆ ಸುಮಾರು 95 ಆರೋಪಿಯೇ ತಪ್ಪೊಪ್ಪಿಕೊಂಡು ಮುಗಿಯುವಂಥವು, ಚೌಕಾಸಿಯ ಫಲ. ನಮ್ಮಲ್ಲಿ ಆ ಚೌಕಾಸಿಗೆ 2006ರಿಂದ ಕಾನೂನಿನ ದಾರಿ ಇದೆ, ನಡೆಯುವವರು ನೂರಕ್ಕೆ ಒಬ್ಬರೂ ಇಲ್ಲ. ಅಲ್ಲಿನ ಅಟಾರ್ನಿ ಮತ ಕೇಳಲು ಬಿಡುವಾಗಿರುವುದು ಸುಮ್ಮನೆ ಅಲ್ಲ.

ದೂರದ ಲೆಕ್ಕವನ್ನೂ ಒಂದಿಷ್ಟು. 2008ರ ಜುಲೈಯಲ್ಲಿ ಹೈಕೋರ್ಟಿನ ಸಂಚಾರಿ ಪೀಠ ಕಲಬುರಗಿಗೆ ಬರುವ ಮುಂಚೆ ಸೇಡಂನ ಅಪೀಲು ಬೆಂಗಳೂರಿಗೆ ಹೋಗಬೇಕಿತ್ತು. ಹೋಗುವುದು ಆರುನೂರು ಕಿಲೋಮೀಟರ್, ಬರುವುದು ಆರುನೂರು. 2013ರಲ್ಲಿ ಅದು ಕಾಯಂ ಪೀಠವಾಯಿತು. ಈಗ ಬೆಳಿಗ್ಗೆ ಹೋದವರು ಸಂಜೆಗೆ ಮನೆಗೆ ಬರುತ್ತಾರೆ. ಈ ಸೀಮೆಗೆ ಕಾನೂನು ದೂರದ ವಸ್ತುವಾಗಿದ್ದದ್ದು ಒಂದು ವಿಚಿತ್ರ, ಏಕೆಂದರೆ ಶಹಾಬಾದದ ಸನಿಹದ ಮರತೂರು ಮಿತಾಕ್ಷರಾ ಎಂಬ ಕಾನೂನು ಗ್ರಂಥ ಬರೆದ ವಿಜ್ಞಾನೇಶ್ವರನ ಊರು. ಕಲ್ಯಾಣದ ಆರನೇ ವಿಕ್ರಮಾದಿತ್ಯನ ಕಾಲ, 1076ರಿಂದ 1126ರ ನಡುವೆ. ಬಂಗಾಳ ಮತ್ತು ಅಸ್ಸಾಂ ಬಿಟ್ಟರೆ ಹಿಂದೂ ಕುಟುಂಬದ ಆಸ್ತಿ ಪಾಲಿಗೆ ದೇಶದ ಕೋರ್ಟುಗಳು ಹಿಡಿದದ್ದು ಆ ಗ್ರಂಥವನ್ನೇ. 2011ರ ಜನಗಣತಿಯ 96 ಕೋಟಿ ಹಿಂದೂಗಳಲ್ಲಿ ಆ ಎರಡು ರಾಜ್ಯ ಮತ್ತು ಅವಿಭಕ್ತ ಕುಟುಂಬ ಪದ್ಧತಿಯನ್ನೇ ರದ್ದು ಮಾಡಿದ ಕೇರಳ ಕಳೆದರೂ ಎಂಬತ್ತು ಕೋಟಿಗೆ ಮೋಸವಿಲ್ಲ. ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಪಾಲು ಎಂದು ಕರ್ನಾಟಕ 1994ರಲ್ಲಿ, ಇಡೀ ದೇಶ 2005ರಲ್ಲಿ ತಿದ್ದುಪಡಿ ಮಾಡಿದ್ದೂ ಇದೇ ಮಿತಾಕ್ಷರಾ ಪದ್ಧತಿಗೆ. ಒಂಬೈನೂರು ವರ್ಷ, ಎಂಬತ್ತು ಕೋಟಿ ಜನ, ಒಂದು ಹಳ್ಳಿ. ವಿಜ್ಞಾನೇಶ್ವರನನ್ನೂ ಯಾರೂ ಮತ ಹಾಕಿ ಆರಿಸಿರಲಿಲ್ಲ ಎಂಬುದು ನನ್ನ ವಾದಕ್ಕೆ ಅನುಕೂಲ, ಆದರೆ ಅದನ್ನು ಎಳೆಯುವುದಿಲ್ಲ.

ಎಪಿಪಿಯನ್ನೂ ಜನರೇ ಆರಿಸಲಿ ಎಂದು ಯಾರಾದರೂ ಹೇಳಿದರೆ ನಾನು ಚಿಂಚೋಳಿಯ ಆ 858 ಮತಗಳ ಅಂತರವನ್ನು ಮುಂದಿಡುತ್ತೇನೆ. ಪ್ರಕರಣವನ್ನು ಹಿಂದಕ್ಕೆ ಪಡೆಯುವ ಅರ್ಜಿ ಹಾಕುವ ಅಧಿಕಾರ ಅಭಿಯೋಜಕರದು; ಹಳೆಯ ಪ್ರಕ್ರಿಯಾ ಸಂಹಿತೆಯಲ್ಲಿ ಕಲಂ 321, ಹೊಸದರಲ್ಲಿ 360. ಕೋರ್ಟು ಒಪ್ಪಬೇಕು ನಿಜ, ಅರ್ಜಿ ಹಾಕಬೇಕಾದವರು ಇವರೇ. ಅದೂ ತಮ್ಮ ವಿವೇಚನೆಯಿಂದ, ಯಾರೋ ಹೇಳಿದರೆಂದಲ್ಲ. ಎಂಟುನೂರು ಚಿಲ್ಲರೆ ಮತದಲ್ಲಿ ಗೆದ್ದ ಅಭಿಯೋಜಕನ ಮುಂದೆ ಎರಡು ಓಣಿಗಳ ಗಲಾಟೆಯ ಫೈಲು ಬಂದರೆ ಅವನು ಮೊದಲು ಸಾಕ್ಷಿಪಟ್ಟಿ ತೆಗೆಯುತ್ತಾನೋ ಮತದಾರರ ಪಟ್ಟಿಯೋ? ಕಳೆದ ಸಲ ಆ ಎರಡು ಬೂತಿನಲ್ಲಿ ಎಷ್ಟು ಬಿತ್ತು ಎಂದು ಬೂತ್ ಏಜೆಂಟ್ ಬಾಯಿಪಾಠ ಒಪ್ಪಿಸುವ ಊರು ನಮ್ಮದು. ನಲವತ್ತು ಸಾವಿರದ ಅಂತರವಿದ್ದರೆ ಗತಿ ಇನ್ನೂ ಬೇರೆ: ಆ ಧೈರ್ಯದಲ್ಲಿ ಅವನು ಯಾರ ಮೇಲೆ ಏನು ಹಾಕಿದರೂ ಕೇಳುವವರಿಲ್ಲ.

ಮತಪೆಟ್ಟಿಗೆ ಇರಲಿ. ಎಪಿಪಿ ಕಚೇರಿಗೆ ಸಮನ್ಸು ಮುಟ್ಟಿತೋ ಇಲ್ಲವೋ ಎಂದು ಫೋನು ಹಚ್ಚಿ ಕೇಳುವ ಒಬ್ಬ ಗುಮಾಸ್ತ, ಬೆರಳಚ್ಚಿಗೆ ಒಬ್ಬರು, ಸಾಕ್ಷಿಗಳಿಗೆ ಬಂದ ದಿನವೇ ಕೈಗೆ ಸಿಗುವ ಭತ್ಯೆ, ಅವರು ಕೂರಲು ವರಾಂಡದಲ್ಲಿ ಎರಡು ಬೆಂಚು, ಇಷ್ಟು ಕೊಟ್ಟು ಒಂದು ವರ್ಷ ನೋಡಬಹುದು. ಬೆಂಚಿಗೆ ಕಲ್ಲು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ, ಶಹಾಬಾದದಿಂದ ಲಾರಿ ದಿನಾ ಹೊರಡುತ್ತವೆ.